ಮೂರನೆಯ ಕಮಾನು

"ಸುತ್ತಿಗೆ ಬೇಡ ಅಂದ್ರೆ ಬೇಡಮ್ಮ! ಹುಟ್ಟಿದಾಗಿನಿಂದ ಅಪ್ಪನ ಕೈಲಿ ಇದನ್ನೇ ನೋಡಿದ್ದೀನಿ. ಅಲ್ಲೂ ಹೋಗಿ ಟಕ್ ಟಕ್ ಅಂತ ಕುಟ್ತಾ ಕೂರಬೇಕಾ?"

ಮಾರ್ಗಿತಾ ಅಪ್ಪನ ಜೋಡಿಸಿದ ಕೈಗಳ ಅಡಿಯಿಂದ ಸುತ್ತಿಗೆಯನ್ನು ಎಳೆಯುತ್ತಿದ್ದಳು. ಶವಪೆಟ್ಟಿಗೆಯ ಆಚೆ ಮಗ್ಗುಲಲ್ಲಿ ನಿಂತಿದ್ದ ಅವಳ ತಾಯಿ ಝೋಫಿಯಾ ಅದರ ಹಿಡಿಯನ್ನು ಬಿಟ್ಟುಕೊಡಲಿಲ್ಲ. ಐವತ್ತು ದಾಟಿದ ಮಗಳು, ಎಂಬತ್ತು ದಾಟಿದ ತಾಯಿ, ನಡುವೆ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಸಿಲ್ವೆಸ್ಟರ್ ಮಲಗಿದ್ದ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದವನು. ಬದುಕಿದ್ದಾಗಲೂ ತಾಯಿ ಮಗಳ ಜಗಳದಲ್ಲಿ ಅವನದು ಇದೇ ನಿಲುವು.

"ಅವನದು, ಅವನ ಜೊತೆ ಹೋಗಲಿ ಬಿಡೇ."

"ಭಾನುವಾರ ಬಂದ್ರೆ ಒಂದು ದಿನ ಮನೇಲಿ ಇದ್ರಾ? ಸೇತುವೆ ಹತ್ರ ಹೋಗೋದು, ಕುಟ್ಟೋದು, ಕಿವಿ ಇಟ್ಟು ಕೇಳೋದು. ನನಗೆ ಜ್ವರ ಬಂದಾಗಲೂ ನನ್ನ ಎದೆಗೆ ಅಷ್ಟು ಕಿವಿಗೊಟ್ಟು ಕೇಳಲಿಲ್ಲ, ಪುಣ್ಯಾತ್ಮ."

ಝೋಫಿಯಾ ಉತ್ತರ ಕೊಡುವ ಮೊದಲೇ ಚರ್ಚಿನ ಹಾಡುಗಾರ ಸಿಪ್ರಿಯಾನ್ ಬಾಗಿಲಲ್ಲಿ ಕಾಣಿಸಿಕೊಂಡ. ಟೊಪ್ಪಿ ಕೈಯಲ್ಲಿತ್ತು. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಒಂದು ಮಾತು. ಅಡುಗೆಮನೆಗೆ ಬಾ."

ಅಡುಗೆಮನೆಯಲ್ಲಿ ಊಟಕ್ಕೆಂದು ಹುಳಿ ಎಲೆಕೋಸಿನ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಸಿಪ್ರಿಯಾನ್ ಬಾಗಿಲು ಮುಚ್ಚಿದ. ಹಾಡುವವನು ಹೀಗೆ ಬಂದು ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ. ನಮ್ಮ ಕಡೆ ಸತ್ತವರು ಹೇಳದೆ ಕೇಳದೆ ಹೋಗುವುದಿಲ್ಲ. ಹೂಳುವ ಮುನ್ನ ಹಾಡುಗಾರ ಅವರ ಬಾಯಾಗಿ ನಿಂತು, 'ನಾನು' ಎಂದೇ ಹಾಡುತ್ತಾನೆ; ಹೆಂಡತಿ, ಮಕ್ಕಳು, ನೆರೆಹೊರೆ ಎಂದು ಹೆಸರು ಹಿಡಿದು ಕರೆದು ವಿದಾಯ ಹೇಳುತ್ತಾನೆ, ಕ್ಷಮೆ ಕೇಳುತ್ತಾನೆ. ಹೆಸರು ಬಿಟ್ಟುಹೋಯಿತೆಂದು ವರ್ಷಗಟ್ಟಲೆ ಮಾತು ಬಿಟ್ಟವರುಂಟು. ಸತ್ತವನು ರೈಲ್ವೆಯವನಾದರೆ ಪೆಟ್ಟಿಗೆಯನ್ನು ಸೇತುವೆಯ ಮೂರನೆಯ ಕಮಾನಿನ ಕೆಳಗೆ ಇಳಿಸಿ ಅಲ್ಲಿಯೇ ಹಾಡಿಸುವುದು ವಾಡಿಕೆ. ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ.

"ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಒಂದಿಷ್ಟು ಸಾಲು ಹೇಳಿಸಿದ. ಇದನ್ನ ಹಾಡಲೇಬೇಕು ಅಂತ ಆಣೆ ಹಾಕಿಸಿಕೊಂಡ" ಎಂದ ಸಿಪ್ರಿಯಾನ್. "ನಿನಗೆ ಮೊದಲು ಕೇಳಿಸದೆ ಜನರ ಮುಂದೆ ಹಾಡೋಕೆ ನನಗೆ ಧೈರ್ಯ ಇಲ್ಲ."

"ಹೇಳು ಮತ್ತೆ. ಏನು, ಯಾವಳ ಹೆಸರಾದ್ರೂ ಇದೆಯಾ?"

ಅವನು ನಗಲಿಲ್ಲ. ಗೋಡೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದ:

"ಊರಿನ ಜನರೇ, ನನ್ನನ್ನು ಕ್ಷಮಿಸಿ. ಮೂರನೆಯ ಕಮಾನಿನ ಕಾವಲಿಗೆ ನನ್ನನ್ನು ಇಟ್ಟಿರಿ, ನಾನು ಕುಡಿದು ಮಲಗಿದೆ. ಎದ್ದಾಗ ಬೆಂಕಿ ಬೂದಿಯಾಗಿತ್ತು. ಹಸಿ ಕಾಂಕ್ರೀಟು ಚಳಿಗೆ ಸತ್ತುಹೋಗಿದೆ. ಅದರ ಮೇಲೆ ನಿಮ್ಮ ಮಕ್ಕಳನ್ನು ಕಳಿಸಬೇಡಿ."

ಸಾರು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಝೋಫಿಯಾ ಅದನ್ನು ಇಳಿಸಲಿಲ್ಲ.

"ಬೆಂಕಿ ಆರಿದ್ದು ಅವನಿಗೆ ಗೊತ್ತಿತ್ತಾ?"

"ಹಾಗಂದ್ರೆ?" ಸಿಪ್ರಿಯಾನ್ ತಿರುಗಿದ. "ನಿನಗೆ ಗೊತ್ತಿತ್ತಾ?"

ಅವಳು ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದಳು.

"ಆ ಸಾಲು ಬಿಟ್ಟುಬಿಡೋ ಸಿಪ್ರಿಯಾನ್. ಹೊರಗೆ ಯಾರು ಬಂದು ಕೂತಿದ್ದಾರೆ ನೋಡಿದ್ಯಾ? ರೈಲ್ವೆಯ ಗಾಜೋ ಸಾಹೇಬ್ರು ಹೂವಿನ ಚಕ್ರ ಹಿಡ್ಕೊಂಡು ಬಂದಿದ್ದಾರೆ. ಇದು ಅವರ ಕಿವಿಗೆ ಬಿದ್ರೆ ಮುಗೀತು."

ಅದು ಸಿಪ್ರಿಯಾನನಿಗೂ ಗೊತ್ತಿತ್ತು. ಹಳೆಯ ಕಾಂಕ್ರೀಟು ಸೇತುವೆಯನ್ನು ಕೆಡವಿ ಉಕ್ಕಿನದೊಂದು ಹಾಕಬೇಕೆಂದು ರೈಲ್ವೆ ಇಲಾಖೆ ಎರಡು ವರ್ಷದಿಂದ ಹಟ ಹಿಡಿದಿತ್ತು. ಕೂಡದು, ಇದು ಉಳಿಯಬೇಕಾದ ಕಟ್ಟಡ ಎಂದು ಸ್ಮಾರಕ ಇಲಾಖೆಯ ಎಂಜಿನಿಯರ್ ಬ್ಲಾಝೆನಾ ಅಷ್ಟೇ ಹಟ ಹಿಡಿದಿದ್ದಳು. ಬರುವ ಗುರುವಾರ ತೀರ್ಮಾನ. ಉಳಿದ ಕಮಾನುಗಳನ್ನೆಲ್ಲ ಕೊರೆದು ನೋಡಿದ್ದರು, ಗಟ್ಟಿಯಾಗಿದ್ದವು. ಮೂರನೆಯದರ ನೆತ್ತಿ ಬಹಳ ಎತ್ತರ, ಅಲ್ಲಿಗೆ ಅಟ್ಟಣಿಗೆ ಕಟ್ಟಲು ಖರ್ಚು ಜಾಸ್ತಿ ಎಂದು ರೈಲ್ವೆಯವರು ಕೈಯೆತ್ತಿದ್ದರು. ಈಗ ಕಟ್ಟಿದವನೇ ಬಂದು, ಅದೂ ಸತ್ತ ಬಾಯಿಂದ, 'ಅದು ಕೊಳೆತಿದೆ' ಎಂದರೆ ಯಾರು ಕೊರೆದು ನೋಡುತ್ತಾರೆ?

"ಬರೀ ಸೇತುವೆ ಮಾತಲ್ಲ ಕಣೋ" ಎಂದಳು ಝೋಫಿಯಾ. "ಕುಡುಕ ಅಂತ ಅವನ ಹೆಸರು ನಿಲ್ಲುತ್ತೆ."

"ಸತ್ತವನ ಮಾತು ನುಂಗಿದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ ಅಕ್ಕ. ನಲವತ್ತು ವರ್ಷದಲ್ಲಿ ಒಂದು ಪದ ಬದಲಾಯಿಸಿಲ್ಲ. ಅದು ಸುಳ್ಳು ಅಂತ ನಿನಗೆ ಗೊತ್ತಿದ್ರೆ ಎಲ್ಲರ ಎದುರಿಗೆ ಹೇಳು, ನಾನು ಬಾಯಿ ಮುಚ್ಚಿಕೊಳ್ತೀನಿ. ಇಲ್ಲಾಂದ್ರೆ ಹಾಡ್ತೀನಿ."

ಅವಳು ಬಟ್ಟೆಯನ್ನು ಹಿಂಡಿ ಮತ್ತೆ ಒಲೆ ಒರೆಸಿದಳು. ಅವನು ಟೊಪ್ಪಿ ಹಾಕಿಕೊಂಡು ಹೊರಟುಹೋದ.

*

ಎರಡನೆಯ ಮಹಾಯುದ್ಧ ಮುಗಿದ ವರ್ಷದ ಚಳಿಗಾಲ. ಹಿಮ್ಮೆಟ್ಟುವಾಗ ಜರ್ಮನ್ ಸೈನಿಕರು ಮೂರನೆಯ ಕಮಾನನ್ನು ಸಿಡಿಸಿ ಉರುಳಿಸಿದ್ದರು. ಆ ಗಲಾಟೆಯಲ್ಲಿ ಸತ್ತ ಅವರದೇ ಹುಡುಗರು ಕೆಳಗಿನ ಹುಲ್ಲುಗಾವಲಲ್ಲಿ ಮಣ್ಣಾಗಿದ್ದರು. ತಲೆಯ ಬಳಿ ಒಂದೊಂದು ಬರ್ಚ್ ಮರದ ಶಿಲುಬೆ, ಬಿಳಿ ತೊಗಟೆಯೂ ಸುಲಿಯದ್ದು. ಅದರ ಪಕ್ಕದಲ್ಲೇ ಊರಿನವರು ಹೊಸ ಕಮಾನಿಗೆ ಹಲಗೆಯ ಸೆಂಟ್ರಿಂಗ್ ನಿಲ್ಲಿಸಿ, ಬಕೆಟ್ಟಿನಲ್ಲಿ ಹೊತ್ತು, ಕೋಲಿನಿಂದ ಕುಟ್ಟಿ ಕಾಂಕ್ರೀಟು ಹಾಕಿದರು. ಕಾಂಕ್ರೀಟು ಹಸಿಯಾಗಿರುವಾಗ ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ಎಂದೂ ಗಟ್ಟಿಯಾಗುವುದಿಲ್ಲ, ಒಣ ರೊಟ್ಟಿಯ ಹಾಗೆ ಉದುರುತ್ತದೆ. ಅದಕ್ಕೇ ಟಾರ್ಪಾಲು ಹೊದಿಸಿ, ಅಟ್ಟಣಿಗೆಯ ಮೇಲೆ ಕಬ್ಬಿಣದ ಅಗ್ಗಿಷ್ಟಿಕೆಗಳನ್ನಿಟ್ಟು, ಹಗಲು ರಾತ್ರಿ ಕಲ್ಲಿದ್ದಲು ಉರಿಸುತ್ತಿದ್ದರು.

ವರ್ಷದ ಕೊನೆಯ ದಿನ ಎಲ್ಲರೂ ಪೂಜೆಗೆ, ಕುಣಿತಕ್ಕೆ ಹೊರಟರು. ಕಾವಲಿಗೆ ಸಿಲ್ವೆಸ್ಟರ್ ಇರಲಿ ಎಂದರು. ಇಪ್ಪತ್ತರ ಹುಡುಗ, ಮದುವೆಯಿಲ್ಲ, ಮನೆಯಲ್ಲಿ ಕಾಯುವವರಿಲ್ಲ. ಎಂಥ ಬುದ್ಧಿವಂತರು! ವರ್ಷದ ಕೊನೆಯ ದಿನವೆಂದರೆ ಸಂತ ಸಿಲ್ವೆಸ್ಟರನ ದಿನ. ಆ ಹೆಸರಿನವನನ್ನು ಕಂಡರೆ ಕೈ ಕುಲುಕಿ, ಒಂದು ಲೋಟ ಕುಡಿಸದೆ ಮುಂದೆ ಹೋಗುವವರು ನಮ್ಮೂರಲ್ಲಿ ಹುಟ್ಟಿಲ್ಲ. ಬೇಡ ಎನ್ನುವವನೂ ಹುಟ್ಟಿಲ್ಲ. ಪೂಜೆಗೆ ಹೋಗುವವರು ಕುಡಿಸಿದರು, ಪೂಜೆಯಿಂದ ಬಂದವರು ಕುಡಿಸಿದರು. ಪಾದ್ರಿ ಕೂಡ ಜೇಬಿನಿಂದ ಬಾಟಲಿ ತೆಗೆದರು.

ಮಧ್ಯಾಹ್ನ ಝೋಫಿಯಾ ಗಸಗಸೆ ಹೂರಣದ ರೊಟ್ಟಿ ಕಟ್ಟಿಕೊಂಡು ಅವನಿಗೆ ಕೊಡಲು ಬಂದಳು. ಹದಿನೆಂಟು ವಯಸ್ಸು. ಅವನೆಂದರೆ ಅವಳಿಗೆ ಇಷ್ಟ, ಅದನ್ನು ಅವನಿಗೆ ಇನ್ನೂ ಹೇಳಿರಲಿಲ್ಲ. ಅವನು ಸಿಮೆಂಟಿನ ಖಾಲಿ ಚೀಲಗಳ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ. ಮೇಲೆ ಹೊಗೆ ಇರಲಿಲ್ಲ.

ಅಲುಗಾಡಿಸಿದಳು, ಕಪಾಳಕ್ಕೆ ಹೊಡೆದಳು, ಏಳಲಿಲ್ಲ. ಊರಿಗೆ ಓಡಿ ಜನರನ್ನು ಕರೆಯಬಹುದಿತ್ತು. ಕರೆದರೆ ಅವನ ಕತೆ ಮುಗಿಯುತ್ತಿತ್ತು. ಏಣಿ ಹತ್ತಿದಳು. ಅಗ್ಗಿಷ್ಟಿಕೆಗಳು ತಣ್ಣಗಾಗಿದ್ದವು. ಕಲ್ಲಿದ್ದಲು ಹಿಮಕ್ಕೆ ಒದ್ದೆಯಾಗಿ ಹೊತ್ತಿಕೊಳ್ಳಲಿಲ್ಲ. ಒಣ ಸೌದೆ ಬೇಕು. ಸೆಂಟ್ರಿಂಗ್ ಹಲಗೆ ಕೀಳುವಂತಿಲ್ಲ, ಸುತ್ತಮುತ್ತ ಮೊಣಕಾಲುದ್ದ ಹಿಮ. ಕಣ್ಣಿಗೆ ಬಿದ್ದದ್ದು ಶಿಲುಬೆಗಳು.

ಬರ್ಚ್ ತೊಗಟೆ ಒದ್ದೆಯಾದರೂ ಉರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಮೊದಲನೆಯದನ್ನು ಕೀಳುವಾಗ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಮಾಡಿಕೊಳ್ಳಲಿಲ್ಲ. ಅದಕ್ಕೆ ಬಿಡುವೂ ಇರಲಿಲ್ಲ. ಒಂದೊಂದನ್ನೇ ಮಂಡಿಗೆ ಕೊಟ್ಟು ಮುರಿದು, ಹೊತ್ತು, ಏಣಿ ಹತ್ತಿ, ಎಲ್ಲ ಅಗ್ಗಿಷ್ಟಿಕೆಗಳಲ್ಲೂ ಕಲ್ಲಿದ್ದಲು ಕೆಂಪಗೆ ಹಿಡಿಯುವ ತನಕ ಅಲ್ಲೇ ಇದ್ದಳು. ಟಾರ್ಪಾಲಿನ ಕೆಳಗೆ ಕೈ ಇಟ್ಟು ನೋಡಿದಳು, ಕಾಂಕ್ರೀಟು ಬೆಚ್ಚಗಿತ್ತು. ಅವನು ಮಗ್ಗುಲು ಬದಲಿಸಿದ್ದು ಕಂಡು, ಏಳುತ್ತಾನೆಂದು ತಿಳಿದು, ರೊಟ್ಟಿಯನ್ನೂ ವಾಪಸು ತೆಗೆದುಕೊಂಡು ಓಡಿಹೋದಳು. ತಾನು ಮಲಗಿದ್ದಾಗ ಏನಾಯಿತೆಂದು ಅವನಿಗೆ ಎಂದೂ ಗೊತ್ತಾಗದಿರಲಿ ಎಂದು.

ಅವನು ಏಳಲಿಲ್ಲ. ಎದ್ದದ್ದು ಕತ್ತಲಾದ ಮೇಲೆ. ಅವಳು ಹಚ್ಚಿದ ಬೆಂಕಿಯೂ ಆಗಷ್ಟೇ ಉರಿದು ಬೂದಿಯಾಗಿತ್ತು; ಹಗಲೆಲ್ಲ ಆರಿಯೇ ಇತ್ತೆಂದು ಅವನು ತಿಳಿದ. ಅದು ಝೋಫಿಯಾಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ, ಸಾರಿನ ಪಾತ್ರೆಯ ಮುಂದೆ.

*

ವಾಡಿಕೆಯಂತೆ ಪೆಟ್ಟಿಗೆಯನ್ನು ಹೊಸ್ತಿಲಿಗೆ ಮೂರು ಸಲ ತಾಗಿಸಿ ಹೊರಗೆ ತಂದರು. ಒಳಗೆ ಸುತ್ತಿಗೆ ಕಡಕಡ ಎಂದು ಉರುಳಿತು. ಕೊನೆಗೂ ಝೋಫಿಯಾಳೇ ಗೆದ್ದಿದ್ದಳು.

ಮೆರವಣಿಗೆ ಇಳಿಜಾರಿನಲ್ಲಿ ಹೊರಟಿತು. ಹ್ರೋನ್ ನದಿಯ ಮೇಲೆ ಅಕ್ಟೋಬರಿನ ಮಂಜು ಎದ್ದಿತ್ತು. ಹಿಂದಿನ ಸಾಲಿನಲ್ಲಿ ಗಾಜೋ ಸಾಹೇಬರೂ ಬ್ಲಾಝೆನಾಳೂ ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದುದು ಕೇಳಿಸುತ್ತಿತ್ತು.

"ಸಾವಿನ ಮನೆಗೂ ಕಡತ ತಂದಿದ್ದೀರಾ ಮೇಡಂ?"

"ನಿಮ್ಮ ಹಾಗೆ ಹೂವಿನ ಚಕ್ರ ತರೋಕೆ ನಮ್ಮ ಇಲಾಖೆಯಲ್ಲಿ ದುಡ್ಡಿಲ್ಲ ಸಾರ್. ಅಲ್ಲಿ ನೋಡಿ, ಕಮಾನಿನ ಹೊಟ್ಟೆ. ಹಲಗೆಗಳ ಗುರುತು ಹಾಗೇ ಇದೆ. ಮರದ ಗಂಟು, ಮೊಳೆಯ ತಲೆ ಸಮೇತ. ಕಬ್ಬಿಣ ಹೆಚ್ಚು ಹಾಕದೆ ಬರೀ ಬಾಗುವಿಕೆಯ ಲೆಕ್ಕದ ಮೇಲೆ ನಿಲ್ಲಿಸಿದ್ದಾರೆ. ಇಂಥದ್ದು ಇನ್ನೆಷ್ಟು ಉಳಿದಿದೆ ಹೇಳಿ?"

"ಗುರುತು ಚೆನ್ನಾಗಿದೆ. ಗಟ್ಟಿ ಇದೆಯಾ ಅನ್ನೋದು ನನ್ನ ಪ್ರಶ್ನೆ. ನಾಳೆ ಏನಾದ್ರೂ ಆದ್ರೆ ಜನ ನಿಮ್ಮನ್ನ ಕೇಳಲ್ಲ, ನನ್ನನ್ನ ಕೇಳ್ತಾರೆ."

ಗಾಜೋ ಕೆಟ್ಟವನಲ್ಲ. ಅವನ ಹೆದರಿಕೆಯೂ ನಿಜವೇ. ಬೈಯಲು ಒಬ್ಬ ದುಷ್ಟನಾದರೂ ಇದ್ದಿದ್ದರೆ ಝೋಫಿಯಾಗೆ ಸುಲಭವಿತ್ತು.

ಮಾರ್ಗಿತಾ ಅಮ್ಮನ ತೋಳು ಹಿಡಿದು ನಡೆಯುತ್ತಿದ್ದಳು. "ಈ ದಾರೀಲಿ ಎಷ್ಟು ಸಲ ನಡೆದಿದ್ದೀನೋ! ಪೇಟೆಯಿಂದ ಬರುವಾಗ ಅಪ್ಪ ನನ್ನನ್ನ ಸೇತುವೆ ಆಚೆಯ ಸಣ್ಣ ನಿಲ್ದಾಣ, ಆ ಹಾಲ್ಟ್‌ನಲ್ಲೇ ಇಳಿಸ್ತಿದ್ರು. ಮಳೆ ಇರಲಿ, ಹಿಮ ಇರಲಿ, ಅಲ್ಲಿಂದ ಕಣಿವೆ ಇಳಿದು ನಡಿ. ಒಂದು ಸಲನಾದ್ರೂ ರೈಲಲ್ಲಿ ಸೇತುವೆ ದಾಟೋಕೆ ಬಿಡಲಿಲ್ಲ."

"ನಿನ್ನ ಜೊತೆ ನಡೀಬೇಕು ಅಂತ ಅವನಿಗೆ ಆಸೆ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ. ದಾರಿಯುದ್ದಕ್ಕೂ ಒಂದು ಮಾತಾಡ್ತಿರಲಿಲ್ಲ ಮಹಾರಾಯರು."

ಝೋಫಿಯಾ ನಿಂತುಬಿಟ್ಟಳು. ಹಿಂದಿನವರು ಅವಳಿಗೆ ಡಿಕ್ಕಿ ಹೊಡೆದರು. ಅರುವತ್ತು ವರ್ಷಕ್ಕೂ ಮೀರಿ ಒಂದೇ ಹಾಸಿಗೆ. ಆ ಮನುಷ್ಯ ರೈಲಿನ ಸದ್ದು ಬಂದಾಗೆಲ್ಲ ಚಮಚ ಕೆಳಗಿಟ್ಟು ಅದು ದಾಟುವ ತನಕ ಉಸಿರು ಹಿಡಿದಿರುತ್ತಿದ್ದ. ಸೇತುವೆಯೆಂದರೆ ಅವನಿಗೆ ಪ್ರಾಣ ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು ಇವಳು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವನು ಆ ಚಮಚ ಕೆಳಗಿಡುತ್ತಿರಲಿಲ್ಲ.

ಹೇಳಲು ಮನಸ್ಸು ಬಂದಿರಲಿಲ್ಲವೆಂದಲ್ಲ. ಶಿಲುಬೆ ನಾಲಿಗೆಗೆ ಅಡ್ಡ ಬರುತ್ತಿತ್ತು.

*

ಕಮ್ಯುನಿಸ್ಟ್ ಆಡಳಿತ ಬಿದ್ದು ಗಡಿಗಳು ತೆರೆದ ಹೊಸತರಲ್ಲಿ ಒಬ್ಬ ಜರ್ಮನ್ ಬಂದಿದ್ದ. ಮಧ್ಯವಯಸ್ಸು, ಕೈಯಲ್ಲಿ ಅಪ್ಪನ ಫೋಟೋ. ಸೇತುವೆಯ ಕೆಳಗೆ ಹೂಳಿದ್ದಾರೆಂದು ಅಪ್ಪನ ಜೊತೆಗಾರನೊಬ್ಬ ಹೇಳಿದ್ದನಂತೆ. ಊರಿನವರು ಹುಲ್ಲುಗಾವಲಿಗೆ ಕರೆದುಕೊಂಡು ಹೋದರು. ಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಮೊದಲ ಚಳಿಗಾಲದಲ್ಲೇ ಯಾರೋ ಶಿಲುಬೆ ಕದ್ದರು, ಬೇಸಿಗೆಯ ಪ್ರವಾಹ ನೆಲವನ್ನು ಸಮ ಮಾಡಿತು ಎಂದು ಹಿರಿಯರು ತಿಳಿದಷ್ಟು ಹೇಳಿದರು.

"ಎಂಥ ಪಾಪಿಗಳೋ, ಸತ್ತವರ ಶಿಲುಬೆ ಸುಟ್ಟು ಮೈ ಕಾಯಿಸಿಕೊಂಡವರು" ಎಂದಿದ್ದಳು ಪಕ್ಕದ ಮನೆಯ ಹೆರ್ಮೀನಾ. ಝೋಫಿಯಾ ಅವಳ ಪಕ್ಕದಲ್ಲೇ ನಿಂತಿದ್ದಳು, ತಲೆಯಾಡಿಸಿದ್ದಳು. ಆ ಮನುಷ್ಯ ತಂದ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಕಮಾನಿನ ಬುಡದಲ್ಲಿ ಇಟ್ಟು ಹೋದ.

*

ಮೂರನೆಯ ಕಮಾನಿನ ಕೆಳಗೆ ಪೆಟ್ಟಿಗೆಯನ್ನು ಇಳಿಸಿದರು. ಗಂಡಸರು ಟೊಪ್ಪಿ ತೆಗೆದರು. ಸಿಪ್ರಿಯಾನ್ ಒಮ್ಮೆ ಝೋಫಿಯಾಳ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡು ಎತ್ತಿದ.

"ಮಗಳೇ ಮಾರ್ಗಿತಾ, ನಿನ್ನನ್ನು ಮಳೆಯಲ್ಲಿ ನಡೆಸಿದೆ, ನನ್ನನ್ನು ಕ್ಷಮಿಸು..."

ದನಿ ಮೇಲೇರಿ ಕಾಂಕ್ರೀಟಿಗೆ ತಾಗಿ ದೊಡ್ಡದಾಗಿ ಇಳಿದು ಬಂತು. ಮಾರ್ಗಿತಾ ಬಿಕ್ಕಿ ಬಿಕ್ಕಿ ಅತ್ತಳು. "ದೇವರು ಕ್ಷಮಿಸಲಿ, ನಾವೂ ಕ್ಷಮಿಸಿದೆವು" ಎಂದಿತು ಜನ, ಎಂದಿನ ಹಾಗೆ. ನೆರೆಯವರ ಹೆಸರು ಬಂತು, ಹೆರ್ಮೀನಾಳ ಹೆಸರು ಬಂತು. ಅವಳು ಬಿಟ್ಟುಹೋಗಲಿಲ್ಲವಲ್ಲ ಎಂದು ಸಮಾಧಾನದಿಂದ ಮೂಗು ಒರೆಸಿಕೊಂಡಳು.

"ಹೆಂಡತಿ ಝೋಫಿಯಾ, ನಿನಗೂ ಹೇಳದೆ ಒಂದನ್ನು ಎದೆಯಲ್ಲಿಟ್ಟುಕೊಂಡೆ. ಊರಿನ ಜನರೇ, ಮೂರನೆಯ ಕಮಾನಿನ ಕಾವಲಿಗೆ..."

"ನಿಲ್ಲಿಸು ಸಿಪ್ರಿಯಾನ್."

ಅವಳು ಜೋರಾಗಿ ಕೂಗಿರಲಿಲ್ಲ. ಕಮಾನು ಅದನ್ನು ಎಲ್ಲರಿಗೂ ಕೇಳಿಸಿತು. ಪಾದ್ರಿ ಒಂದು ಹೆಜ್ಜೆ ಮುಂದೆ ಬಂದರು. ವಿದಾಯದ ಹಾಡನ್ನು ಯಾರೂ ನಡುವೆ ತಡೆಯುವುದಿಲ್ಲ.

"ಅವನು ಹೇಳೋದು ನಾನೇ ಹೇಳ್ತೀನಿ. ಈ ಕಮಾನಿನ ಕಾಂಕ್ರೀಟು ಹಸಿ ಇದ್ದಾಗ ಕಾವಲಿಗೆ ಇವನನ್ನ ಬಿಟ್ರಿ. ಅವತ್ತು ಇವನ ಹೆಸರಿನ ದಿನ. ಊರೆಲ್ಲ ಸೇರಿ ಕುಡಿಸಿದ್ರಿ, ಮಲಗಿದ. ಬೆಂಕಿ ಆರಿತು. ಅದು ನಿಜ." ಅವಳು ಉಸಿರು ತೆಗೆದುಕೊಂಡಳು. "ಮತ್ತೆ ಹಚ್ಚಿದವಳು ನಾನು. ಕಾಂಕ್ರೀಟು ಬೆಚ್ಚಗಿತ್ತು, ಈ ಕೈಲಿ ಮುಟ್ಟಿ ನೋಡಿದ್ದೀನಿ. ಕಮಾನು ಸತ್ತಿಲ್ಲ."

ಗಾಜೋ ಹೂವಿನ ಚಕ್ರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಮ್ಮ, ತಪ್ಪು ತಿಳೀಬೇಡಿ. ಗಂಡನ ಹೆಸರು ಉಳಿಸೋಕೆ ಯಾರಾದ್ರೂ ಹೀಗೇ ಹೇಳ್ತಾರೆ. ಆ ಹಿಮದಲ್ಲಿ ಬೆಂಕಿ ಹಚ್ಚೋಕೆ ಸೌದೆ ಎಲ್ಲಿತ್ತು?"

ಅದೇ ಪ್ರಶ್ನೆ. ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿಗೇ ನಿಲ್ಲಿಸಿ, ನೆನಪಿಲ್ಲ ಎನ್ನಬಹುದಿತ್ತು. ಎಂಬತ್ತು ದಾಟಿದವಳ ಮರೆವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

"ಶಿಲುಬೆ" ಎಂದಳು. "ಈ ಹುಲ್ಲುಗಾವಲಲ್ಲಿದ್ದ ಹುಡುಗರ ಶಿಲುಬೆಗಳು. ಎಲ್ಲವನ್ನೂ ನಾನೇ ಕಿತ್ತು ಸುಟ್ಟೆ. ಅವರಲ್ಲೊಬ್ಬನ ಮಗ ಹುಡುಕಿಕೊಂಡು ಬಂದಾಗ ಇಲ್ಲೇ, ಇದೇ ಜಾಗದಲ್ಲಿ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ಕ್ಷಮಿಸಿ."

'ದೇವರು ಕ್ಷಮಿಸಲಿ' ಎನ್ನಬೇಕಾದ ಜಾಗದಲ್ಲಿ ಜನ ಸುಮ್ಮನಿತ್ತು. ಮೇಲಿನಿಂದ ಒಂದು ಹನಿ ನೀರು ಪೆಟ್ಟಿಗೆಯ ಮೇಲೆ ಬಿತ್ತು. ಹೆರ್ಮೀನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದೆ ಇನ್ನಿಬ್ಬರು.

ಬ್ಲಾಝೆನಾ ಮಾತ್ರ ಗಾಜೋನ ಎದುರು ಬಂದು ನಿಂತಳು. "ಸುಳ್ಳಾಗಿದ್ರೆ ಇಂಥ ಸುಳ್ಳು ಯಾರು ಹೇಳ್ತಾರೆ ಸಾರ್? ಈಗ ಕೊರೆದು ನೋಡ್ತೀರೋ ಇಲ್ವೋ?"

ಗಾಜೋ ಮೇಲೆ ನೋಡಿದ, ಜನರನ್ನು ನೋಡಿದ. "ಆಯ್ತು. ಗುರುವಾರದ ಸಭೆ ಮುಂದಕ್ಕೆ ಹಾಕಿಸ್ತೀನಿ. ಅಟ್ಟಣಿಗೆ ಕಟ್ಟಿಸಿ ಕೊರೆದೇ ನೋಡೋಣ" ಎಂದ.

ಝೋಫಿಯಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಗಳು ಅವಳ ತೋಳನ್ನು ಬಿಟ್ಟಿದ್ದಳು.

"ಅಪ್ಪನಿಗೆ ಒಂದು ಮಾತು ಹೇಳಬಾರದಿತ್ತಾ ಅಮ್ಮ? ಜೀವನಪೂರ್ತಿ ಕುಟ್ಟಿ ಕುಟ್ಟಿ ನೋಡಿದ್ರಲ್ಲ!"

"ಬೆಂಕಿ ಆರಿದ್ದು ಅವನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ ಕಣೇ" ಎಂದಳು ಝೋಫಿಯಾ. ಬೆಳಗ್ಗಿನಿಂದ ಅಳದವಳು ಈಗ ಅತ್ತಳು. "ಅವನಿಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ದೆ."

ಸಿಪ್ರಿಯಾನ್ ಹತ್ತಿರ ಬಂದ. "ಹಾಡನ್ನ ಏನು ಮಾಡಲಿ ಅಕ್ಕ?"

"ಅವನು ಹೇಳಿದ್ದನ್ನ ಹೇಳಿದ ಹಾಗೇ ಹಾಡು. ಒಂದು ಪದ ಬಿಡಬೇಡ."

ಅವನು ಹಾಡಿದ. ಕುಡಿದದ್ದು, ಮಲಗಿದ್ದು, ಬೂದಿ, ಎಲ್ಲ ಹಾಡಿದ. ಈ ಸಲ ಜನ "ದೇವರು ಕ್ಷಮಿಸಲಿ, ನಾವೂ ಕ್ಷಮಿಸಿದೆವು" ಎಂದಿತು. ಅದು ಸಿಲ್ವೆಸ್ಟರನಿಗೆ.

*

ಹೂಳಿ ಬಂದ ಮೇಲಿನ ಊಟಕ್ಕೆ ಅರ್ಧದಷ್ಟು ಜನ ಬರಲಿಲ್ಲ. ಬಂದವರು ಸಾರು ಕುಡಿದು, ಬೊರೊವಿಚ್ಕಾ ಮದ್ಯದ ಲೋಟ ಖಾಲಿ ಮಾಡಿ, ಬೇಗ ಎದ್ದರು. ಮಾರ್ಗಿತಾ ಪಾತ್ರೆ ತೊಳೆದಿಟ್ಟು, ಚೀಲ ಎತ್ತಿಕೊಂಡಳು.

"ಊರಿನ ಸ್ಟೇಷನ್ನಿಂದಲೇ ಹತ್ತುತ್ತೀನಮ್ಮ ಇವತ್ತು" ಎಂದಳು. "ಹಾಲ್ಟ್ ತನಕ ನಡೆಯಲ್ಲ."

ಝೋಫಿಯಾ ತಲೆಯಾಡಿಸಿದಳು. ಮಗಳು ಹೋದ ಮೇಲೆ ಹಿತ್ತಲಿಗೆ ಹೋಗಿ ಬೀನ್ಸ್ ಬಳ್ಳಿಗೆ ಊರಿದ್ದ ಕೋಲುಗಳನ್ನು ಕಿತ್ತಳು. ಸುಗ್ಗಿ ಮುಗಿದಿತ್ತು, ಹೇಗೂ ಕೀಳಬೇಕಾಗಿತ್ತು. ಹೊರೆ ಕಟ್ಟುವಾಗ ಸಿಪ್ರಿಯಾನ್ ಬಂದು, ಏನೂ ಕೇಳದೆ ಹೆಗಲಿಗೇರಿಸಿಕೊಂಡ.

ಕಮಾನಿನ ಕೆಳಗೆ ಹುಲ್ಲು ಒದ್ದೆಯಾಗಿತ್ತು. ಅವಳು ಕೋಲಿಗೆ ಕೋಲು ಅಡ್ಡವಿಟ್ಟು ಹುರಿಯಿಂದ ಬಿಗಿದಳು. ಅವನು ನೆಲಕ್ಕೆ ಊರಿದ.

"ಎಷ್ಟು ಬೇಕು ಅಕ್ಕ?"

ಅವಳು ಯೋಚಿಸಿದಳು. ಹುಲ್ಲುಗಾವಲಿನ ಈ ತುದಿಯಿಂದ ಆ ತುದಿಗೆ ನೋಡಿದಳು.

"ಮರೆತುಹೋಗಿದೆ ಕಣೋ."

"ಒಂದೆರಡು ಹೆಚ್ಚಾದ್ರೆ?"

"ಹೆಚ್ಚಾದ್ರೆ ಇರಲಿ. ಕಡಿಮೆ ಆಗಬಾರದು."

ಸಂಜೆಯ ರೈಲು ಊರಿನ ಕಡೆಯಿಂದ ಕೂಗಿತು. ಸಿಪ್ರಿಯಾನ್ ಕೈ ಹಣೆಗಿಟ್ಟು ಮೇಲೆ ನೋಡಿದ. ಒಂದು ಕಿಟಕಿಯಲ್ಲಿ ಯಾರೋ ಎದ್ದು ನಿಂತಿದ್ದರು. ಝೋಫಿಯಾ ತಲೆಯೆತ್ತಲಿಲ್ಲ, ಹುರಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿಯುತ್ತಿದ್ದಳು. ರೈಲು ಮೂರನೆಯ ಕಮಾನಿನ ಮೇಲೆ ಬಂತು. ನೆಲ ಸಣ್ಣಗೆ ಅದುರಿತು. ಕೋಲುಗಳಿಗೆ ಇನ್ನೂ ಸುತ್ತಿಕೊಂಡಿದ್ದ ಒಣ ಬೀನ್ಸ್ ಕಾಯಿಗಳು, ಶಿಲುಬೆಯಿಂದ ಶಿಲುಬೆಗೆ, ಗಲಗಲ ಎಂದವು.